‘ಲಕ್ಷಣವಾಗಿ’ ಅಂದರೆ ಏನು? ಹತ್ತನೇ ತರಗತಿಯ ಇಂಗ್ಲಿಷ್ ಪಾಠದ ಒಂದು ಪ್ರಕರಣ

2024-25ನೇ ಸಾಲಿನಲ್ಲಿ ನಾನು ಇಂಗ್ಲಿಷ್ ಕಲಿಸಿದ ಒಂದು ಹತ್ತನೇ ತರಗತಿಯ ಕಥೆ ಇದು. ಊರಿನ ಹೆಸರು ಹೇಳುವುದಿಲ್ಲ, ಶಾಲೆಯದ್ದೂ ಹೇಳುವುದಿಲ್ಲ. ಮಕ್ಕಳ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಬದಲಿಸಿಲ್ಲ.

ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ತರಗತಿಯಲ್ಲಿ 38 ಮಕ್ಕಳು: 21 ಹುಡುಗಿಯರು, 17 ಹುಡುಗರು. ಬಾಗಿಲ ಕಡೆಯ ಸಾಲಿನಲ್ಲಿ ಹುಡುಗರು, ಕಿಟಕಿ ಕಡೆ ಹುಡುಗಿಯರು. ಹೀಗೆ ಕೂರಿ ಅಂತ ಯಾರೂ ಹೇಳಿರಲಿಲ್ಲ, ಯಾರೂ ಬದಲಿಸಿಯೂ ಇರಲಿಲ್ಲ.

ನಮ್ಮ ತರಬೇತಿಗಳಲ್ಲಿ ಲಿಂಗ ಸಮಾನತೆ ಅಂತ ಒಂದು ಸೆಷನ್ ಇದ್ದೇ ಇರುತ್ತದೆ. ಹೆಚ್ಚಾಗಿ ಊಟಕ್ಕೆ ಮುಂಚೆ, ಎಲ್ಲರೂ ಗಡಿಯಾರ ನೋಡುವ ಹೊತ್ತಿನಲ್ಲಿ. ನಾನೂ ನೋಡುತ್ತಿದ್ದೆ. ನಮ್ಮ ಶಾಲೆಗೆ ಇದೇನು ಬೇಕಾಗಿಲ್ಲ ಅನ್ನುವುದು ನನ್ನ ಲೆಕ್ಕ. ರಾಜ್ಯದ ಫಲಿತಾಂಶವೇ ಹಾಗೆ ಹೇಳುತ್ತದಲ್ವಾ? 2024ರ ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರು 81.11%, ಹುಡುಗರು 65.90%. ನಮ್ಮಲ್ಲೂ ಇಂಗ್ಲಿಷ್‌ನಲ್ಲಿ ಜಾಸ್ತಿ ಅಂಕ ತೆಗೆಯುವವರು ಹುಡುಗಿಯರೇ. ಹಿಂದೆ ಬಿದ್ದವರು ಹುಡುಗರು. ಸಮಾನತೆ ಬೇಕಿದ್ದರೆ ಹುಡುಗರಿಗೇ ಬೇಕು ಅಂತ ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು.

ಹಿಂದಿನ ಬೆಂಚಿನ ಲೆಕ್ಕ

ಜೂನ್‌ನಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಡಂ ನನ್ನ ಪಿರಿಯಡ್‌ಗೆ ಬಂದು ಹಿಂದೆ ಕೂತರು. ಒಬ್ಬರ ಪಾಠ ಇನ್ನೊಬ್ಬರು ನೋಡಬೇಕು ಅಂತ ಆ ವರ್ಷ ನಾವೇ ಮಾಡಿಕೊಂಡ ಏರ್ಪಾಡು. ಅವತ್ತು ‘ಎ ಹೀರೋ’ ಪಾಠ. ಆರ್.ಕೆ. ನಾರಾಯಣ್ ಅವರ ಸ್ವಾಮಿ ಕಥೆ. ಧೈರ್ಯ ಇದ್ದರೆ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಅಪ್ಪ ಸವಾಲು ಹಾಕುತ್ತಾರೆ. ಹೆದರಿ ನಡುಗುವ ಹುಡುಗ ಕತ್ತಲಲ್ಲಿ ಯಾವುದೋ ಕಾಲಿಗೆ ಕಚ್ಚಿಬಿಡುತ್ತಾನೆ. ನೋಡಿದರೆ ಅದು ಕಳ್ಳನ ಕಾಲು.

ಪಾಠ ಚೆನ್ನಾಗಿಯೇ ಆಯಿತು. ಮೇಡಂ ತಮ್ಮ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟರು. ಎರಡೇ ಕಾಲಂ. ಗಟ್ಟಿಯಾಗಿ ಓದಿಸಿದ್ದು: ಹುಡುಗಿಯರು 9, ಹುಡುಗರು 2. ‘ಯಾಕೆ’ ಅಂತ ಕೇಳಿದ್ದು: ಹುಡುಗರನ್ನು 11 ಸಲ, ಹುಡುಗಿಯರನ್ನು 3 ಸಲ.

“ಹುಡುಗಿಯರ ಕೈಲಿ ಓದಿಸ್ತೀರಿ ಸರ್, ಅರ್ಥ ಹುಡುಗರನ್ನ ಕೇಳ್ತೀರಿ” ಅಂದರು. ಅಷ್ಟೇ. ಟೀ ಕುಡಿಯಲು ಹೋದರು.

ನನ್ನ ಹತ್ತಿರ ಉತ್ತರ ಇತ್ತು. ಹುಡುಗಿಯರ ಉಚ್ಚಾರಣೆ ಸ್ಪಷ್ಟ, ಅದಕ್ಕೇ ಓದಿಸುತ್ತೇನೆ. ಹುಡುಗರನ್ನು ಕೇಳದಿದ್ದರೆ ಗಲಾಟೆ ಶುರು ಮಾಡುತ್ತಾರೆ, ಅದಕ್ಕೇ ಕೇಳುತ್ತೇನೆ. ಎರಡೂ ನಿಜ. ಆದರೆ ಹನ್ನೊಂದು ವರ್ಷದಿಂದ ಹೀಗೇ ಮಾಡಿದ್ದರೆ ಏನಾಗಿರುತ್ತದೆ ಅಂತ ಆ ರಾತ್ರಿ ಯೋಚನೆ ಬಂತು. ಗಲಾಟೆ ಮಾಡುವವನಿಗೆ ಯೋಚಿಸುವ ಪ್ರಶ್ನೆ ಬಹುಮಾನ, ಸುಮ್ಮನೆ ಕೂತವಳಿಗೆ ಓದುವ ಕೆಲಸ. ಅಂಕಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. ಹುಡುಗಿಯರು ನೋಟ್ಸ್ ಬಾಯಿಪಾಠ ಮಾಡಿ ಎಂಬತ್ತಕ್ಕೆ ಎಪ್ಪತ್ತು ತೆಗೆಯುತ್ತಾರೆ. ಆ ನೋಟ್ಸ್ ನನ್ನದು, ಇಲ್ಲವೇ ಗೈಡಿನದು.

ಸಮಸ್ಯೆ ಪುಸ್ತಕದ್ದು ಅಂತ ಹೇಳಿಬಿಡಬಹುದಿತ್ತು. ಆದರೆ ನಮ್ಮ ಪಠ್ಯದಲ್ಲಿ ಹೆಣ್ಣುಮಕ್ಕಳು ಇಲ್ಲ ಅಂತೇನಿಲ್ಲ. ಮರ ಹತ್ತುವ ಅಜ್ಜಿ ಇದ್ದಾಳೆ. ನ್ಯಾಯಾಲಯದಲ್ಲಿ ವಾದ ಮಾಡುವ ಪೋರ್ಷಿಯಾ ಇದ್ದಾಳೆ. ತಮ್ಮನಿಗಾಗಿ ಪಂಡಿತ್ ರವಿಶಂಕರ್ ಎದುರು ನಿಂತು ಕೇಳಿಕೊಳ್ಳುವ ಸ್ಮಿತಾ ಇದ್ದಾಳೆ. 1993ರಲ್ಲಿ 19ನೇ ವಯಸ್ಸಿಗೆ ಎವರೆಸ್ಟ್ ಏರಿದ ಮನಾಲಿಯ ಡಿಕಿ ಡೋಲ್ಮಾ ಇದ್ದಾಳೆ. ಇಷ್ಟು ಜನ ಪುಸ್ತಕದೊಳಗೆ ಇದ್ದೂ ಅವರ ಬಗ್ಗೆ ಮಾತಾಡುವ ಸರದಿ ನಮ್ಮ ಕ್ಲಾಸಿನ ಹುಡುಗಿಯರಿಗೆ ಬರುತ್ತಿರಲಿಲ್ಲ.

ಮೊದಲು ಮಾಡಿದ್ದು, ಕೆಟ್ಟದ್ದು

ಉತ್ಸಾಹದಲ್ಲಿ ಚರ್ಚಾ ಸ್ಪರ್ಧೆ ಇಟ್ಟೆ. ‘ಹೆಣ್ಣು ಗಂಡು ಸಮಾನರೇ?’ ಬಾಗಿಲ ಕಡೆಯವರು ಒಂದು ಪಕ್ಷ, ಕಿಟಕಿ ಕಡೆಯವರು ಇನ್ನೊಂದು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕೂತ ಜಾಗದಲ್ಲೇ ಜಗಳಕ್ಕೆ ಬಿಟ್ಟ ಹಾಗಾಯಿತು.

ಐದು ನಿಮಿಷದಲ್ಲಿ ಮಾತು ಶಕ್ತಿ ಯೋಜನೆಗೆ ಬಂತು. “ಅವರಿಗೆ ಬಸ್ಸು ಫ್ರೀ ಸರ್, ಇನ್ನೇನ್ ಸಮಾನ ಬೇಕು?” ಅಂದ ಒಬ್ಬ. ಚಪ್ಪಾಳೆ, ಶಿಳ್ಳೆ. ಒಬ್ಬ ಹುಡುಗಿ ಎದ್ದು ‘ಹೆಣ್ಣು ಸಮಾಜದ ಕಣ್ಣು’ ಅಂತ ಶುರು ಮಾಡಿ, ಪ್ರಬಂಧದಲ್ಲಿ ಬರೆಯುವ ನಾಲ್ಕು ಸಾಲು ಹೇಳಿ ಕೂತಳು. ಅವಳಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಕೊನೆಗೆ ನಾನೇ ಹತ್ತು ನಿಮಿಷ ಭಾಷಣ ಮಾಡಿದೆ. ಅಂದರೆ ಸಮಾನತೆಯ ಪಿರಿಯಡ್‌ನಲ್ಲೂ ಜಾಸ್ತಿ ಮಾತಾಡಿದ್ದು ಒಬ್ಬ ಗಂಡಸೇ.

ಮೇಡಂಗೆ ಹೇಳಿದೆ. “ಪಾಠ ಬಿಟ್ಟು ಯಾಕೆ ಹೊರಗೆ ಹೋದ್ರಿ ಸರ್? ಒಳಗೇ ಇದ್ಯಲ್ಲ” ಅಂದರು. ಅಲ್ಲಿಂದ ಒಂದು ನಿರ್ಧಾರ ಮಾಡಿದೆ. ಸಮಾನತೆ ಅನ್ನುವ ಪದವನ್ನೇ ಕ್ಲಾಸಿನಲ್ಲಿ ಬಳಸುವುದಿಲ್ಲ. ಪದ್ಯದ ಪದ, ಕಥೆಯ ಸಾಲು, ಅಷ್ಟರಲ್ಲೇ ಇರುತ್ತೇನೆ. ‘ಯಾಕೆ’ ಅನ್ನುವ ಪ್ರಶ್ನೆಯನ್ನು ಎರಡೂ ಸಾಲಿಗೆ ಒಂದಾದ ಮೇಲೆ ಒಂದರಂತೆ ಕೇಳುತ್ತೇನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಮೊದಲು ಕೈ ಎತ್ತಿದವನಿಗೆ ಉತ್ತರ ಬಿಟ್ಟುಕೊಡುವುದಿಲ್ಲ.

ಹತ್ತು ಎಣಿಸುವುದು ಸುಲಭ ಅಂದುಕೊಂಡಿದ್ದೆ. ನಾಲ್ಕಕ್ಕೇ ಬಾಯಿ ತುರಿಸುತ್ತದೆ.

ಅಜ್ಜಿ ಮರ ಹತ್ತಿದ ದಿನ

ರಸ್ಕಿನ್ ಬಾಂಡ್ ಅವರ ಪದ್ಯ. ಅಜ್ಜಿಗೆ ಅರವತ್ತೆರಡು. ಆರು ವರ್ಷದವಳಿದ್ದಾಗ ಅಣ್ಣನೋ ತಮ್ಮನೋ ಮರ ಹತ್ತುವುದು ಕಲಿಸಿದ್ದ, ಇವಳು ಬಿಡಲೇ ಇಲ್ಲ. ವಯಸ್ಸಾದ ಮೇಲೆ ಗ್ರೇಸ್‌ಫುಲಿ ಇರಬೇಕು ಅಂತ ಜನ ಅಂದರೆ, ನಾನು ಡಿಸ್‌ಗ್ರೇಸ್‌ಫುಲಿಯೇ ಮುದುಕಿ ಆಗುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತೆ ಅಂತ ನಗುತ್ತಾಳೆ.

ಗ್ರೇಸ್‌ಫುಲಿ ಅಂದರೇನು ಅಂತ ಕೇಳಿದೆ. ಗೈಡ್ ನೋಡಿದವನೊಬ್ಬ “ಗೌರವಯುತವಾಗಿ” ಅಂದ. ಇನ್ನೊಬ್ಬ “ಸುಂದರವಾಗಿ” ಅಂದ. ಬೋರ್ಡಿನ ಮೇಲೆ ಎರಡನ್ನೂ ಬರೆದು ಕಿಟಕಿ ಕಡೆ ತಿರುಗಿದೆ. “ಮನೇಲಿ ಮಾತಾಡೋ ಕನ್ನಡದಲ್ಲಿ ಹೇಳ್ರಮ್ಮಾ. ಅಜ್ಜಿ ಮರ ಹತ್ತಿದ್ರೆ ನಿಮ್ಮ ಬೀದಿಯವರು ಏನಂತಾರೆ?” ಎಣಿಸಲು ಶುರು ಮಾಡಿದೆ. ಏಳಕ್ಕೋ ಎಂಟಕ್ಕೋ ಮೂರನೇ ಬೆಂಚಿನಿಂದ ಒಂದು ಸಣ್ಣ ದನಿ ಬಂತು.

“ಲಕ್ಷಣವಾಗಿ ಇರು ಅಂತಾರೆ ಸರ್.”

ಇಡೀ ಕಿಟಕಿ ಸಾಲು ನಕ್ಕಿತು. ಅಣಕದ ನಗು ಅಲ್ಲ ಅದು. ದಿನಾ ಕೇಳುವ ಮಾತು ಇಂಗ್ಲಿಷ್ ಪುಸ್ತಕದೊಳಗೆ ಸಿಕ್ಕಿತಲ್ಲ, ಅದಕ್ಕೆ ಬಂದ ನಗು. ಲಕ್ಷಣವಾಗಿ ಕೂತ್ಕೋ. ಲಕ್ಷಣವಾಗಿ ತಲೆ ಬಾಚ್ಕೋ. ಲಕ್ಷಣವಾಗಿ ಮನೇಲಿರು. ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಸೀಮೆಸುಣ್ಣ ಮುರಿದು ಇನ್ನೊಂದು ತೆಗೆದೆ. ಆಮೇಲೆ ಬಾಗಿಲ ಕಡೆ ಕೇಳಿದೆ, ನಿಮಗೆ ಯಾರಾದರೂ ಹೀಗೆ ಹೇಳುತ್ತಾರಾ ಅಂತ. ಯೋಚನೆ ಮಾಡಿದರು. “ನಮಗೆ ಗಂಡಸಾಗಿ ಅಳ್ತೀಯಾ ಅಂತಾರೆ ಸರ್” ಅಂದ ಒಬ್ಬ. ಅದನ್ನೂ ಬೋರ್ಡಿಗೆ ಹಾಕಿದೆ.

ನನ್ನ ಮಟ್ಟಿಗೆ ಪ್ರಕರಣದ ತಿರುವು ಇದೇ. ಚರ್ಚಾ ಸ್ಪರ್ಧೆಯಲ್ಲಿ ಹೊರಡದ ಮಾತು ಒಂದು ಪದಕ್ಕೆ ಅರ್ಥ ಹುಡುಕುವಾಗ ಹೊರಟಿತು. ಸರಿ ಉತ್ತರ ಗೈಡಿನಲ್ಲಿ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಆ ಪದ ಗೊತ್ತಿದ್ದದ್ದು ಅವರಿಗೇ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬೇಡ ಅನ್ನುವ ಮೇಷ್ಟ್ರುಗಳಲ್ಲಿ ನಾನೂ ಒಬ್ಬನಾಗಿದ್ದೆ. ಆ ನಿಯಮ ಯಾರ ಬಾಯಿ ಮುಚ್ಚಿಸುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ‘ಲಕ್ಷಣವಾಗಿ’ ಅಂದ ಹುಡುಗಿಯನ್ನು (‘ಸ’ ಅಂತ ಕರೆಯೋಣ) ಎಬ್ಬಿಸಿ, “ನೀನು ಮರ ಹತ್ತುತೀಯಾ?” ಅಂತ ಕೇಳಿಬಿಟ್ಟೆ.

“ಮೊದ್ಲು ಹತ್ತುತಿದ್ದೆ ಸರ್. ಹುಣಸೆ ಮರ. ದೊಡ್ಡೋಳಾದ್ಮೇಲೆ ಬಿಡಲ್ಲ.”

ಬಾಗಿಲ ಸಾಲಿನಿಂದ ಕಿಸಕ್ಕನೆ ಒಂದು ನಗು. ಸ ಕೂತಳು. ಪಕ್ಕದವಳು ಮೆಲ್ಲಗೆ, “ಅಜ್ಜಿಗೆ ಬಿಡ್ತಾರೆ, ನಮಗೆ ಬಿಡಲ್ಲ” ಅಂದಳು. ಆ ಪದ್ಯದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ಆದರೆ ಅದನ್ನು ಎತ್ತಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೆಲ್ ಆಯಿತು, ಬದುಕಿಕೊಂಡೆ.

ಮಾರನೇ ದಿನದಿಂದ ‘ಸ’ಗೆ ‘ಹುಣಸೆ’ ಅಂತ ಹೆಸರು ಬಿತ್ತು. ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವಳ ಅಮ್ಮ ಬಂದರು. ಸಿಟ್ಟಿನಲ್ಲಿ ಬರಲಿಲ್ಲ, ಗೇಟಿನ ಹತ್ತಿರ ಕಾದು ನಿಂತಿದ್ದರು. “ಮನೆ ವಿಷ್ಯ ಕ್ಲಾಸಲ್ಲಿ ಕೇಳ್ಬೇಡಿ ಸಾರ್. ಪರೀಕ್ಷೆಗೆ ಬರೋದು ಹೇಳ್ಕೊಡಿ. ಅವಳು ಪಾಸಾದ್ರೆ ತಾನೇ ಪಿಯುಸಿಗೆ ಕಳಿಸ್ತಾರೆ?” ಅಂದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗಳು ಮನೆಯಿಂದ ಹೊರಗೆ ಹೋಗುವ ದಾರಿ ಅಂಕಪಟ್ಟಿಯ ಮೂಲಕವೇ ಅಂತ ಆ ತಾಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮಾಡಿದ ತಪ್ಪು ಬೇರೆ. ಪದ್ಯದ ಅಜ್ಜಿಯನ್ನು ಬಿಟ್ಟು ಎದುರಿಗಿದ್ದ ಹುಡುಗಿಯನ್ನೇ ಉದಾಹರಣೆ ಮಾಡಿಕೊಂಡೆ. ಅಜ್ಜಿ ಪುಸ್ತಕದಲ್ಲಿದ್ದಾಳೆ, ಯಾರು ಏನಂದರೂ ಅವಳಿಗೆ ನೋವಾಗುವುದಿಲ್ಲ. ಸ ಸಂಜೆ ಅದೇ ಬೀದಿಯಲ್ಲಿ ಮನೆಗೆ ನಡೆದುಕೊಂಡು ಹೋಗಬೇಕು.

ನಕ್ಕ ಹುಡುಗನನ್ನು ಸ್ಟಾಫ್ ರೂಮಿಗೆ ಕರೆದು ಮಾತಾಡಿದೆ. ಅವನಿಗೆ ‘ದೊಡ್ಡೋಳಾಗೋದು’ ಅಂದರೆ ಏನು ಅಂತಲೇ ಪೂರ್ತಿ ಗೊತ್ತಿರಲಿಲ್ಲ, ನಗಬೇಕಾದ ಮಾತು ಅಂತ ಮಾತ್ರ ಗೊತ್ತಿತ್ತು. ವಿಜ್ಞಾನದ ಮೇಷ್ಟ್ರು ಆ ಪಾಠವನ್ನು ‘ಮನೇಲಿ ಓದ್ಕೊಳ್ಳಿ’ ಅಂತ ಬಿಟ್ಟಿದ್ದರು. ಅದು ಇನ್ನೊಂದು ಪ್ರಕರಣ, ಬಿಡಿ.

ಚೀಟಿ ಡಬ್ಬ

ಆಮೇಲೆ ಎರಡು ನಿಯಮ ಮಾಡಿಕೊಂಡೆ. ಪ್ರಶ್ನೆ ಪಾತ್ರದ ಬಗ್ಗೆ ಇರಬೇಕು, ಮಕ್ಕಳ ಮನೆಯ ಬಗ್ಗೆ ಅಲ್ಲ. ಮಾತಿಗಿಂತ ಮೊದಲು ಬರವಣಿಗೆ. ಬಿಸ್ಕೆಟ್ ಡಬ್ಬವೊಂದರ ಮುಚ್ಚಳ ಕೊರೆದು ಮೇಜಿನ ಮೇಲಿಟ್ಟೆ. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಪಾಠದ ಬಗ್ಗೆ ಒಂದು ಪ್ರಶ್ನೆ ಬರೆದು ಹಾಕಬೇಕು. ಹೆಸರು ಬೇಡ, ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ. ಮರುದಿನ ಮೂರು ಚೀಟಿ ತೆಗೆದು ಹತ್ತು ನಿಮಿಷ ಮಾತು. ಆ ಹತ್ತು ನಿಮಿಷಕ್ಕೆ ಹೆಡ್ ಮೇಷ್ಟ್ರ ಹತ್ತಿರ ಚೌಕಾಸಿ ಮಾಡಬೇಕಾಯಿತು. ಪೋರ್ಷನ್ ಉಳಿದರೆ ವಿಶೇಷ ತರಗತಿಯಲ್ಲಿ ಮುಗಿಸುತ್ತೇನೆ ಅಂತ ಮಾತು ಕೊಟ್ಟೆ.

ಮೊದಮೊದಲು ಬಂದದ್ದು ‘ಇದು ಪರೀಕ್ಷೆಗೆ ಬರುತ್ತಾ ಸರ್’ ಅಂತಲೇ. ಒಬ್ಬ ‘ಸಿಎಸ್‌ಕೆ’ ಅಂತ ಬರೆದು ಹಾಕಿದ್ದ. ಎರಡು ವಾರದ ಮೇಲೆ ಬೇರೆ ತರಹದವು ಬಂದವು.

ಮುಂಬೈ ಲೋಕಲ್ ರೈಲಿನಿಂದ ಬಿದ್ದ ರೋಮಾಳನ್ನು ಬಾಲೇಶ್ವರ್ ಕಾಪಾಡುವ ಪಾಠ ಇದೆ. ‘ಬಾಲೇಶ್ವರ್ ರೋಮಾಳನ್ನು ಹೇಗೆ ಉಳಿಸಿದ?’ ಅಂತಲೇ ನಾವು ಯಾವಾಗಲೂ ಕೇಳುವುದು. ಈ ಸಲ ರೋಮಾಗೆ ಎಚ್ಚರವಾದ ಮೇಲೆ ಅವಳೇ ಬರೆದ ಹಾಗೆ ಐದು ಸಾಲು ಬರೆಯಿರಿ ಅಂದೆ. ಎಲ್ಲರೂ ಥ್ಯಾಂಕ್ಸ್ ಹೇಳಿ ಮುಗಿಸಿದ್ದರು. ಒಂದರಲ್ಲಿ ಮಾತ್ರ ಹೀಗಿತ್ತು: ‘ಕಣ್ಣು ಬಿಟ್ಟಾಗ ನೋವಿಗಿಂತ ಮೊದಲು ಭಯ ಆಯಿತು. ಇನ್ನು ಮೇಲೆ ಕೆಲಸಕ್ಕೆ ಹೋಗಬೇಡ ಅಂತಾರೇನೋ.’ ಅಕ್ಷರ ನೋಡಿದರೆ ಅದು ಹುಡುಗನದು. ಅವನ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು. ಅದನ್ನು ಕ್ಲಾಸಿನಲ್ಲಿ ಹೇಳಲಿಲ್ಲ. ಅಷ್ಟು ಕಲಿತಿದ್ದೆ.

ಪುನರಾವರ್ತನೆಗೆ ‘ಎ ಹೀರೋ’ಗೆ ಮರಳಿದಾಗ ಬಂದ ಚೀಟಿ: ‘ಅಪ್ಪ ಮಾಡಿದ್ದು ತಪ್ಪಲ್ವಾ? ಸ್ವಾಮಿಗೆ ನಿಜವಾಗ್ಲೂ ಭಯ ಇತ್ತು.’ ಕಥೆಯ ಕೊನೆಯಲ್ಲಿ ಸ್ವಾಮಿ ಮತ್ತೆ ಅಜ್ಜಿಯ ಪಕ್ಕ ಮಲಗುತ್ತಾನೆ, ಅಮ್ಮ ಅವನ ಪರ ನಿಲ್ಲುತ್ತಾಳೆ. ಅಮ್ಮನ ಮುದ್ದಿನಿಂದ ಹುಡುಗ ಹಾಳಾಗುತ್ತಾನೆ ಅನ್ನುವ ಅಪ್ಪನ ಮಾತನ್ನೇ ಜೂನ್‌ನಲ್ಲಿ ನಾನು ಉತ್ತರವಾಗಿ ಬರೆಸಿದ್ದೆ. ಈಗ ಬಾಗಿಲ ಸಾಲಿನ ಹುಡುಗರೇ ಅಮ್ಮ ಹೇಳಿದ್ದು ಸರಿ ಅಂದರು. ಇಲ್ಲ, ಧೈರ್ಯ ಹುಡುಗಿಯರಿಗೂ ಕಲಿಸಬೇಕು, ಆದರೆ ಹೀಗಲ್ಲ ಅಂತ ವಾದಿಸಿದವಳು ಕಿಟಕಿ ಕಡೆಯವಳು. ಬಸ್ಸಿನ ಮಾತು ಬರಲಿಲ್ಲ.

ವೇಷ

‘ಕ್ವಾಲಿಟಿ ಆಫ್ ಮರ್ಸಿ’ಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ದಯೆ ಮಳೆಯ ಹಾಗೆ ಮೇಲಿಂದ ಸುರಿಯುತ್ತದೆ ಅನ್ನುವ ಶೇಕ್ಸ್‌ಪಿಯರ್ ಸಾಲುಗಳು. ಇದನ್ನು ಹೇಳುವ ಪೋರ್ಷಿಯಾ ಗಂಡಸಿನ ವೇಷ ಹಾಕಿಕೊಂಡು ನ್ಯಾಯಾಲಯಕ್ಕೆ ಬಂದಿದ್ದಾಳೆ ಅನ್ನುವುದನ್ನು ನಾನು ಪ್ರತಿ ವರ್ಷ ಒಂದೇ ವಾಕ್ಯದಲ್ಲಿ ದಾಟಿಸುತ್ತಿದ್ದೆ. ಈ ಸಲ ಅಲ್ಲೇ ನಿಂತೆ. ಜೊತೆಗೆ ಇನ್ನೊಂದು ಹೇಳಿದೆ: ಆ ಕಾಲದ ಇಂಗ್ಲೆಂಡಿನ ನಾಟಕ ಕಂಪನಿಗಳಲ್ಲಿ ಹೆಂಗಸರು ನಟಿಸುವ ಹಾಗಿರಲಿಲ್ಲ, ಹುಡುಗರೇ ಹೆಣ್ಣಿನ ಪಾತ್ರ ಮಾಡುತ್ತಿದ್ದರು. 1660ರ ಹೊತ್ತಿಗೆ ಅದು ಬದಲಾಯಿತು.

“ಯಕ್ಷಗಾನದ ಸ್ತ್ರೀವೇಷದ ತರಾನಾ ಸರ್?” ಅಂತ ಒಬ್ಬ ಎದ್ದ. ಹೌದು ಅಂದೆ. “ಅಂದ್ರೆ ಹುಡುಗ ಹುಡುಗಿ ವೇಷ ಹಾಕಿ, ಆ ಹುಡುಗಿ ಮತ್ತೆ ಗಂಡಸಿನ ವೇಷ ಹಾಕೋದಾ?” ಬೋರ್ಡಿನ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದೆವು. ಚೆಂಡು ಸಿಕ್ಕಿದ ಹಾಗೆ ಹುಡುಗರಿಗೆ ಖುಷಿ.

ಅವತ್ತಿನ ಚೀಟಿಯಲ್ಲಿ ಒಂದು: ‘ವೇಷ ಇಲ್ದೆ ಹೋಗಿದ್ರೆ ಕೋರ್ಟಲ್ಲಿ ಅವಳ ಮಾತು ಕೇಳ್ತಿದ್ರಾ?’

ಇದಕ್ಕೆ ಉತ್ತರ ನಾಟಕದ ಹೊರಗೂ ಇದೆ. ಇಂಗ್ಲೆಂಡಿನಲ್ಲಿ ಹೆಂಗಸರು ವಕೀಲರಾಗಲು ದಾರಿ ಆಗಿದ್ದು 1919ರ ಕಾಯ್ದೆಯಿಂದ. ನಮ್ಮವರೇ ಆದ ಕಾರ್ನೀಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಬರೆದರು. ಭಾರತದಲ್ಲಿ ಹೆಂಗಸರು ವಕೀಲಿಕೆ ಮಾಡಬಹುದು ಅಂತ ಕಾನೂನು ಬಂದಿದ್ದು 1923ರಲ್ಲಿ. ಬೋರ್ಡಿನ ಮೇಲೆ 1923ರಿಂದ 1892 ಕಳೆದೆವು. 31. “ನಮ್ಮಮ್ಮನ ವಯಸ್ಸಿಗಿಂತ ನಾಲ್ಕೇ ಕಮ್ಮಿ” ಅಂದಳು ಒಬ್ಬಳು.

ಆಮೇಲೆ, ಆ ಮೊಕದ್ದಮೆ ಸೋತ ಸಾಹುಕಾರ ಶೈಲಾಕ್‌ನ ಬಗ್ಗೆ ಒಬ್ಬ ಹುಡುಗ ಬಿಡಲಿಲ್ಲ: “ದಯೆ ಬಗ್ಗೆ ಅಷ್ಟೆಲ್ಲ ಹೇಳ್ತಾಳೆ, ಕೊನೇಲಿ ಶೈಲಾಕ್‌ಗೆ ಯಾರ್ ಸರ್ ದಯೆ ತೋರಿಸಿದ್ರು?” ಪೋರ್ಷಿಯಾಳನ್ನು ಹೊಗಳಿ ಮುಗಿಸಬೇಕು ಅಂತಿದ್ದ ನನಗೆ ಅದೂ ಒಳ್ಳೆಯ ಏಟು. ಅನ್ಯಾಯ ನೋಡುವುದು ಒಮ್ಮೆ ರೂಢಿಯಾದರೆ ಮಕ್ಕಳು ಒಂದೇ ಕಡೆ ನೋಡುವುದಿಲ್ಲ.

ಡಿಸೆಂಬರ್

ಮೇಡಂ ಮತ್ತೆ ಹಿಂದೆ ಕೂತರು. ‘ಯಾಕೆ’ ಪ್ರಶ್ನೆ ಈ ಸಲ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಓದುವುದೂ ಸರದಿಯ ಮೇಲೆ ಬಂತು. ಹುಡುಗರು ತಡವರಿಸಿ ಓದಿದರು, ಯಾರೂ ಸಾಯಲಿಲ್ಲ. ಆದರೆ ಮೇಡಂ ಇನ್ನೆರಡು ಸಂಗತಿ ಬರೆದುಕೊಂಡಿದ್ದರು. ಹುಡುಗಿಯರು ಉತ್ತರ ಹೇಳುವ ಮುಂಚೆ ಈಗಲೂ “ತಪ್ಪಿದ್ರೆ ಬೇಡ ಸರ್” ಅಂತ ಸೇರಿಸುತ್ತಾರೆ. ಹಿಂದಿನ ಬೆಂಚಿನ ನಾಲ್ಕು ಹುಡುಗರು ಪೂರ್ತಿ ಸುಮ್ಮನಾಗಿದ್ದಾರೆ. ಮೊದಲು ಗಲಾಟೆ ಮಾಡುತ್ತಿದ್ದವರು ಇವರೇ. ಪ್ರಶ್ನೆ ಕಮ್ಮಿಯಾದ ಮೇಲೆ ಅವರು ಏನಾದರು ಅಂತ ನಾನು ನೋಡಿರಲೇ ಇಲ್ಲ. ಗಲಾಟೆ ನಿಂತಿತಲ್ಲ ಅಂತ ಸಮಾಧಾನದಲ್ಲಿದ್ದೆ. ಹುಡುಗಿಯರ ಮೌನವನ್ನೂ ಹನ್ನೊಂದು ವರ್ಷ ಹೀಗೇ ಶಿಸ್ತು ಅಂದುಕೊಂಡಿದ್ದೆನಲ್ಲ.

ಅಂಕಗಳ ಬಗ್ಗೆ ಏನೂ ಹೇಳಿಕೊಳ್ಳುವ ಹಾಗಿಲ್ಲ. ಫಲಿತಾಂಶ ಹಿಂದಿನ ವರ್ಷದಷ್ಟೇ. ಉತ್ತರ ಪತ್ರಿಕೆಯಲ್ಲಿ ಸ್ವಂತ ಮಾತು ಬರೆದರೆ ಅಂಕ ಕಟ್ಟಾಗುತ್ತೇನೋ ಅಂತ ಮಕ್ಕಳು ಹೆದರಿ ನೋಟ್ಸನ್ನೇ ಬರೆದು ಬಂದರು. ಆ ಭಯವನ್ನು ಹೋಗಲಾಡಿಸಲು ನನ್ನಿಂದ ಆಗಲಿಲ್ಲ. ಯಾಕೆಂದರೆ ನನಗೂ ಅದು ಇತ್ತು.

ಸ ಆಮೇಲೆ ಕ್ಲಾಸಿನಲ್ಲಿ ಬಾಯಿಬಿಟ್ಟು ಮಾತಾಡಿದ್ದು ಎರಡೋ ಮೂರೋ ಸಲ. ಪಾಸಾದಳು, ಪಿಯುಸಿಗೆ ಸೇರಿದಳು. ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚಿನ ಕೊನೆಯ ಪಿರಿಯಡ್‌ನಲ್ಲಿ ‘ದಿ ಕಾನ್ಸರ್ಟ್’ ಪುನರಾವರ್ತನೆ ಇತ್ತು. ತಮ್ಮನ ಕಾಯಿಲೆ, ಅಕ್ಕನ ಪ್ರೀತಿ, ಪರೀಕ್ಷೆಯ ಪ್ರಶ್ನೆ. ಡಬ್ಬದಿಂದ ತೆಗೆದ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ‘ತಮ್ಮನ ಜೊತೆ ಬಾಂಬೆಗೆ ಬಂದಳಲ್ಲ, ಸ್ಮಿತಾಗೆ ಸ್ಕೂಲು ಇರಲಿಲ್ವಾ?’

ಎಷ್ಟೋ ವರ್ಷ ಈ ಪಾಠ ಮಾಡಿದ್ದೇನೆ. ಉತ್ತರ ಬಾಯಿಗೆ ಬರಲಿಲ್ಲ. “ಪುಸ್ತಕ ತೆಗೀರಿ, ಹುಡುಕೋಣ” ಅಂದೆ. ಎರಡೂ ಸಾಲಿನಲ್ಲಿ ಹಾಳೆ ತಿರುವುವ ಸದ್ದು. ಸ ತಲೆ ಬಗ್ಗಿಸಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಿದ್ದಳು.